ಸ್ಕೇಲಿಟ್ಟು ಹೊಡೆದ ಚಿತ್ತು

(ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಹುಡುಗಿಯ ಒಪ್ಪಿಗೆ ಇದೆ.)

ಫೈಲನ್ನು ಮೇಜಿನ ಮೇಲಿಟ್ಟು ಕುರ್ಚಿಯ ತುದಿಯಲ್ಲಿ ಕೂತಳು. ಸುಮ ಎನ್ನೋಣ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪದವಿ ಮೊದಲ ವರ್ಷ. ಮನೆ ಹೊಸನಗರದ ಕಡೆ, ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಬರವಣಿಗೆ ತರಗತಿಯ ಮೇಷ್ಟ್ರು ಆಪ್ತಸಲಹೆಗೆಂದು ನನ್ನ ಬಳಿ ಕಳಿಸಿದ್ದರು. ಅವರ ಚೀಟಿಯಲ್ಲಿ ಇದ್ದದ್ದು ಇಷ್ಟೇ: “ಕರಡುಗಳು ನಕಲಿ. ಕೇಳಿದರೆ ಅಳುತ್ತಾಳೆ.”

ಆ ತರಗತಿಯಲ್ಲಿ ಸೆಮಿಸ್ಟರಿಗೆ ನಾಲ್ಕು ಬರಹ. ಒಂದೊಂದಕ್ಕೂ ಎರಡು ಕರಡು, ಸಹಪಾಠಿಯೊಬ್ಬರು ಓದಿ ಬರೆದುಕೊಟ್ಟ ಅಭಿಪ್ರಾಯದ ಹಾಳೆ, ಆಮೇಲೆ ಶುದ್ಧಪ್ರತಿ. ಎಲ್ಲವನ್ನೂ ಜೋಡಿಸಿ, ಎಲ್ಲಿ ಏನು ಯಾಕೆ ಬದಲಾಯಿತು ಎಂದು ಒಂದು ಪುಟದ ಪತ್ರ ಬರೆದು ಮೇಲಿಡಬೇಕು. ಇದೇ ಪೋರ್ಟ್‌ಫೋಲಿಯೋ, 25 ಅಂಕ. ಪದ್ಧತಿ ಒಳ್ಳೆಯದೇ. 1980ರ ದಶಕದಲ್ಲಿ ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಎಲ್ಬೋ, ಪ್ಯಾಟ್ ಬೆಲನಾಫ್ ಎಂಬ ಅಧ್ಯಾಪಕರು ಒಂದೇ ಸಲ ಕೂತು ಬರೆಯುವ ಪರೀಕ್ಷೆಯನ್ನು ಬಿಟ್ಟು ಇದನ್ನು ತಂದರು. ತಿದ್ದಿಕೊಳ್ಳಲು ಸಮಯ ಕೊಟ್ಟು, ಆಮೇಲೆ ಅಳೆಯುವುದು ಅವರ ಉದ್ದೇಶ.

ಮೊದಲ ದಿನ ನಾನು ಎಡವಿದೆ. ಇಂಗ್ಲಿಷಿನ ಹೆದರಿಕೆ, ಜೊತೆಗೆ ದಿನಕ್ಕೆ ನಾಲ್ಕು ತಾಸು ಬಸ್ಸಿನ ಓಡಾಟ, ಬರೆಯಲು ಹೊತ್ತು ಸಿಕ್ಕಿಲ್ಲ ಎಂದುಕೊಂಡು ಒಂದು ವೇಳಾಪಟ್ಟಿ ಹಾಕಿಕೊಟ್ಟೆ. “ಆಯ್ತು ಮೇಡಂ” ಎಂದು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಇಂಥ “ಆಯ್ತು ಮೇಡಂ”ಗಳನ್ನು ಈಚೆಗೆ ನಾನು ನಂಬುವುದಿಲ್ಲ.

ಮುಂದಿನ ಗುರುವಾರ ಹಾಳೆಗಳನ್ನೇ ತೆಗೆದು ನೋಡಿದೆ. ಬರಹದ ವಿಷಯ ಆಗುಂಬೆಯ ಸೂರ್ಯಾಸ್ತ. ಮೊದಲ ಕರಡಿನಲ್ಲಿ ಏಳು ಪದಗಳಿಗೆ ಕಾಟು ಹೊಡೆದಿತ್ತು, ಏಳಕ್ಕೂ ಸ್ಕೇಲಿಟ್ಟು ಎಳೆದ ನೆಟ್ಟನೆಯ ಗೆರೆ. ಯೋಚನೆ ಮಾಡುತ್ತಾ ಬರೆಯುವವರ ಕೈ ಸ್ಕೇಲು ಹುಡುಕುವುದಿಲ್ಲ. ತಪ್ಪುಗಳೂ ಬೇಕೆಂದೇ ನೆಟ್ಟ ಹಾಗಿದ್ದವು: ಒಂದು ಕಡೆ ಏಕವಚನ-ಬಹುವಚನ, ಇನ್ನೊಂದು ಕಡೆ ಒಂದು ಅಕ್ಷರ ಹಿಂದೆ ಮುಂದೆ. ವಾಕ್ಯ ಒಂದೂ ಅಲುಗಿಲ್ಲ. ಶುದ್ಧಪ್ರತಿ ಮೊದಲು ಬರೆದು, ಅದನ್ನು ನೋಡಿಕೊಂಡು ಕರಡು ತಯಾರಿಸಿದ್ದಳು. ಕಳ್ಳಗೆಲಸ ಹೌದು, ಆದರೆ ಸೋಮಾರಿಯ ಕೆಲಸ ಅಲ್ಲ. ನಿಜವಾಗಿ ಬರೆದಿದ್ದರೆ ಇದರ ಅರ್ಧ ಶ್ರಮ ಸಾಕಿತ್ತು.

“ಸೂರ್ಯಾಸ್ತ ಚೆನ್ನಾಗಿತ್ತಾ?” ಅಂದೆ.

“ಕಂಡೇ ಇಲ್ಲ ಮೇಡಂ. ಹೈಸ್ಕೂಲಿಂದ ಕರ್ಕೊಂಡು ಹೋದಾಗ ಪೂರ್ತಿ ಮಂಜು.”

ಇಬ್ಬರಿಗೂ ನಗು ಬಂತು. ಆಮೇಲೆ ಮಾತು ಬಂತು.

ತರಗತಿಯಲ್ಲಿ ಕೊಟ್ಟ ವಿಷಯ ಸೂರ್ಯಾಸ್ತ ಅಲ್ಲ, ‘ನಮ್ಮ ಮನೆಯಲ್ಲಿ ನಡೆಯುವ ಒಂದು ಕೆಲಸ’. ಅವಳು ಅಡಿಕೆ ಸುಲಿಯುವುದರ ಬಗ್ಗೆ ಬರೆದಿದ್ದಳು. ಮೂರು ಸಲ ತಿದ್ದಿ ಬರೆದಿದ್ದಳು. ಎಲೆಚುಕ್ಕಿ ರೋಗ ಬಂದು ಮನೆಯ ತೋಟದ ಫಸಲು ನೆಲಕಚ್ಚಿದ ಮೇಲೆ ಅಮ್ಮ ಸುಲಿಗೆಗೆ ಬೇರೆಯವರ ಅಂಗಳಕ್ಕೆ ಹೋಗುತ್ತಾರೆ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮೇಲೆ ಕೂತು, ಸುಲಿದಷ್ಟಕ್ಕೆ ಕೂಲಿ. ಹಸಿ ಅಡಿಕೆಯ ಕಲೆ ಬೆರಳಿಗೆ ಹತ್ತಿದರೆ ಸೋಪಿಗೆ ಹೋಗುವುದಿಲ್ಲ, ಅದಕ್ಕೇ ಮದುವೆಮನೆಯಲ್ಲಿ ಅಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾರೆ. ಅಪ್ಪಯ್ಯನಿಗೆ ಈ ಮಾತು ಮನೆಯ ಹೊಸ್ತಿಲು ದಾಟಬಾರದು. ಇಷ್ಟೆಲ್ಲ ಬರೆದಾದ ಮೇಲೆ, ಬರಹ ಓದಿ ಅಭಿಪ್ರಾಯ ಕೊಡುವ ಜೋಡಿಯ ಹೆಸರು ಬೋರ್ಡಿಗೆ ಬಂತು. ಆ ಹುಡುಗಿ, ಅಮ್ಮ ಸುಲಿಯಲು ಹೋಗುವ ಮನೆಯವಳು.

“ಎಂತ ಮಾಡೂದು ಮೇಡಂ? ಅವತ್ತು ರಾತ್ರಿನೇ ಬಚ್ಚಲೊಲೆಗೆ ಹಾಕಿದೆ.”

ನಿಜವಾದ ಕರಡುಗಳು ಸ್ನಾನದ ನೀರು ಕಾಯಿಸಲು ಹೋಗಿದ್ದವು. ಬೆಳಗಿನ ಬಸ್ಸಿನೊಳಗೆ ಸೂರ್ಯಾಸ್ತ ಹುಟ್ಟಿತು.

ಅವಳು ಹೇಳದೆ ನನಗೆ ತಿಳಿದದ್ದು ಇನ್ನೊಂದಿದೆ. ನಮ್ಮ ಶಾಲೆಗಳಲ್ಲಿ ಅಕ್ಷರ ದುಂಡಗಾಗಲೆಂದು ಕಾಪಿ ಬರೆದು, ‘ಚಿತ್ತುಕಾಟಿಲ್ಲದೆ ಬರೆ’ ಎಂದು ಬೈಸಿಕೊಂಡು ಬೆಳೆದ ಮಗುವಿಗೆ ಚಿತ್ತೆಂದರೆ ಅವಮಾನ. ಹನ್ನೆರಡು ವರ್ಷ ಮುಚ್ಚಿಡಲು ಕಲಿಸಿದ್ದನ್ನು ಒಮ್ಮೆಲೇ ತೋರಿಸು, ಅಂಕ ಕೊಡುತ್ತೇವೆ ಎಂದರೆ ಕೈ ಸ್ಕೇಲು ಹಿಡಿಯುತ್ತದೆ. ಮೇಷ್ಟ್ರು ಸೆಮಿಸ್ಟರಿನ ಮೊದಲ ವಾರವೇ ತಮ್ಮದೊಂದು ಗೀಚಿದ ಹಾಳೆಯನ್ನು ತರಗತಿಗೆ ತೋರಿಸಿದ್ದರೆ ಚೆನ್ನಾಗಿತ್ತು. ಅದನ್ನು ಅವರಿಗೂ ಹೇಳಿದೆ.

ಸುಮಳಿಗೆ ನಿದ್ದೆ ಇರಲಿಲ್ಲ, ಹೊಟ್ಟೆ ತೊಳೆಸುತ್ತಿತ್ತು. ಕಾಲೇಜಿಂದ ತೆಗೆದುಹಾಕುತ್ತಾರೆ ಎಂದು ಯಾರೋ ಗೆಳತಿ ಹೆದರಿಸಿದ್ದಳು. ಸಾಯುವ ಯೋಚನೆ ಬಂದಿತ್ತಾ ಎಂದು ನೇರವಾಗಿಯೇ ಕೇಳಿದೆ, ಬಂದಿರಲಿಲ್ಲ. ಆದರೂ ರಾತ್ರಿ ಹೊತ್ತು ತೀರಾ ತಳಮಳವಾದರೆ ಇರಲಿ ಎಂದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಟ್ಟೆ. ಕೃತಿಚೌರ್ಯದ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲಿ ನಿಯಮಾವಳಿ ತಂದಿದೆ. ಬೇರೆಯವರ ಬರಹದೊಂದಿಗೆ ಶೇ. 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಅದರಲ್ಲಿ ಹಂತಹಂತವಾಗಿ ಶಿಕ್ಷೆ ಇದೆ. ಇವಳದ್ದು ಆ ಜಾತಿಯ ತಪ್ಪಲ್ಲ, ಪ್ರತಿ ಸಾಲೂ ಅವಳದೇ. ಹಾಗಂತ ತಪ್ಪೇ ಅಲ್ಲ ಎಂದು ನಾನು ಹೇಳಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ: ಇನ್ನೊಮ್ಮೆ ಕರೆಸಿಕೊಳ್ಳುವ ಮೊದಲು ನೀನೇ ಹೋಗಿ ಹೇಳು, ಆದರೆ ಅಮ್ಮನ ಸುದ್ದಿ ಹೇಳಬೇಕಿಲ್ಲ. ತಪ್ಪು ಒಪ್ಪಿಕೊಳ್ಳುವುದಕ್ಕೂ ಮನೆಯ ಮಾತು ಬಿಚ್ಚಿಡುವುದಕ್ಕೂ ನಂಟಿಲ್ಲ ಎಂಬುದು ಅವಳ ತಲೆಗೆ ಹೋಗಲು ಅರ್ಧ ಗಂಟೆ ಹಿಡಿಯಿತು. ಇಬ್ಬರೂ ಸೇರಿ ಮಾತು ಹೊಂದಿಸಿದೆವು: “ಸಾರ್, ಮೊದಲು ಬರೆದಿದ್ದು ಮನೆ ವಿಷಯ, ಕ್ಲಾಸಿನವರು ಓದೂದು ಬೇಡ ಅಂತ ತೆಗೆದೆ. ಬದಲಿಗೆ ಬರೆದಿದ್ದಕ್ಕೆ ಕರಡು ಇರಲಿಲ್ಲ, ನಾನೇ ಮಾಡಿ ಇಟ್ಟೆ. ತಪ್ಪಾಯ್ತು. ಹೊಸದಾಗಿ ಬರೀತೀನಿ, ಓದಕ್ಕೆ ಬೇರೆಯವರನ್ನು ಕೊಡಿ.” ನನ್ನೆದುರು ಎರಡು ಸಲ ಹೇಳಿಸಿದೆ. ಎರಡನೇ ಸಲ ಗಂಟಲು ಕಟ್ಟಲಿಲ್ಲ.

ಇನ್ನು ಹೊಸದಾಗಿ ಏನು ಬರೆಯುವುದು? ಮನೆಯಲ್ಲಿ ನೀನೇ ಮಾಡುವ, ಊರೆಲ್ಲ ನೋಡಿದರೂ ಮುಜುಗರವಿಲ್ಲದ ಕೆಲಸ ಯಾವುದು ಅಂದೆ. ಮಳೆ ಹಿಡಿಯುವ ಮೊದಲು, ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿ ಕಲಸುವುದು ಅಂದಳು. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯಬೇಕು. ಅಪ್ಪಯ್ಯ ಸುರಿಯುತ್ತಾರೆ, ಕೋಲು ತಿರುಗಿಸುವುದು ಇವಳು. ನನಗೆ ಗೊತ್ತಿರದ ವಿಷಯ, ಕೇಳುತ್ತಾ ಕೂತೆ.

ಬರೆಯುವಾಗ ಪಾಲಿಸಲು ಹೇಳಿದ್ದು ಕೆಲವೇ. ಹಾಳೆಯ ತಲೆಯ ಮೇಲೆ ತಾರೀಖು ಹಾಕು. ವೈಟ್ನರ್ ಬೇಡ, ಕಾಟು ಒಂದೇ ಗೆರೆ, ಕೆಳಗಿನ ಪದ ಕಾಣುತ್ತಿರಲಿ. ಕನ್ನಡದಲ್ಲೇ ಮೊದಲು ಬಂದರೆ ಕನ್ನಡದಲ್ಲೇ ಬರೆ, ಅದೇ ಮೊದಲ ಕರಡು ಆಗುತ್ತದಾ ಎಂದು ಮೇಷ್ಟ್ರನ್ನು ಕೇಳು. (ಆಗಬಹುದು ಅಂದರು, ನನಗೂ ಆಶ್ಚರ್ಯ.) ಪ್ರತಿ ರಾತ್ರಿ ಹಾಳೆಯ ಫೋಟೋ ಮೊಬೈಲಿನಲ್ಲಿ ಇರಲಿ, ಬಚ್ಚಲೊಲೆ ಹತ್ತಿರದಲ್ಲೇ ಇದೆಯಲ್ಲ. ಮೇಲಿಡುವ ಪತ್ರದಲ್ಲಿ ‘ತುಂಬಾ ಕಲಿತೆ’ ಎಂಬ ಮಾತು ಬೇಡ. ಯಾರು ಏನು ಕೇಳಿದರು, ಅದಕ್ಕೆ ನೀನು ಏನು ಬದಲಿಸಿದೆ, ಅಷ್ಟು ಸಾಕು.

ಹೊಸ ಜೋಡಿ ಶಿವಮೊಗ್ಗ ಪೇಟೆಯ ಹುಡುಗ. ತೋಟ ಕಂಡವನಲ್ಲ. ಅವನ ಅಭಿಪ್ರಾಯದ ಹಾಳೆಯಲ್ಲಿ ಒಂದೇ ಪ್ರಶ್ನೆ ಇತ್ತು: ಔಷಧಿ ಸರಿಯಾಗಿದೆ ಎಂದು ಗೊತ್ತಾಗುವುದು ಹೇಗೆ? ಅದನ್ನು ಬರೆಯುವುದೇ ಅವಳಿಗೆ ಹೊಳೆದಿರಲಿಲ್ಲ, ವರ್ಷವೂ ಕಾಣುವ ಕೆಲಸ. ಎರಡನೇ ಕರಡಿನ ಅಂಚಿನಲ್ಲಿ, ಸೊಟ್ಟ ಗೆರೆಗಳ ನಡುವೆ, ಬಾಣದ ಗುರುತು ಹಾಕಿ ಸೇರಿಸಿದ್ದಳು: ತಿಕ್ಕಿ ತೊಳೆದ ಕತ್ತಿಯನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತೇವೆ, ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಇನ್ನೂ ಸುಣ್ಣ ಬೇಕು.

“ಅವನು ಕೇಳದಿದ್ರೆ ಕತ್ತಿ ಬರ್ತಾನೇ ಇರಲಿಲ್ಲ ಮೇಡಂ” ಅಂದಳು. ಪತ್ರದಲ್ಲೂ ಅದನ್ನೇ ಬರೆದಳು.

ಮೇಷ್ಟ್ರು ತಡವಾದದ್ದಕ್ಕೆ, ನಕಲಿ ಕರಡಿಗೆ ಸೇರಿಸಿ ಅಂಕ ಕಡಿದರು. 25ಕ್ಕೆ 16. ಅವಳು ಚರ್ಚೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಕೊನೆಯ ಭೇಟಿಯಲ್ಲಿ, ಸುಲಿಗೆಯ ಬರಹವನ್ನು ನೆನಪಿನಿಂದ ಮತ್ತೆ ಬರೆಯುತ್ತಿದ್ದೇನೆ, ಈ ಸಲ ಕನ್ನಡದಲ್ಲಿ ಎಂದಳು. ತೋರಿಸು ಎಂದು ನಾನು ಕೇಳಲಿಲ್ಲ.