ಬೆಂದ ಮೊಟ್ಟೆ ಆರಿದ ಮೇಲೆ ಯಾಕೆ ಹಸಿಯಾಗಲ್ಲ?

ಓದುಗರ ಪತ್ರ: ‘ಬಿಚ್ಚಿಹೋದ ಪ್ರೋಟೀನ್ ತಾನಾಗಿಯೇ ಮತ್ತೆ ಹಳೆಯ ಆಕಾರಕ್ಕೆ ಬರುತ್ತದೆ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಅದನ್ನು ತರಗತಿಯಲ್ಲಿ ಓದಿ ಹೇಳಿದೆ. “ಹಾಗಾದ್ರೆ ಬೆಂದ ಮೊಟ್ಟೆ ಆರಿದ ಮೇಲೆ ಯಾಕೆ ಹಸಿಯಾಗಲ್ಲ ಮಿಸ್?” ಎಂದು ಒಬ್ಬ ಹುಡುಗಿ ಕೇಳಿದಳು. ದಿನಾ ಕಾಯಿಸುವ ಹಾಲು ಹಾಗೇ ಇರುತ್ತೆ, ಗಿಣ್ಣದ ಹಾಲು ಮಾತ್ರ ಯಾಕೆ ಗಟ್ಟಿಯಾಗುತ್ತೆ ಎಂದು ಇನ್ನೊಬ್ಬ ಕೇಳಿದ. ಬೇಯಿಸಿದರೆ ಪ್ರೋಟೀನ್ ಹಾಳಾಗುತ್ತದೆ ಅಂತಾರಲ್ಲ, ಅದು ನಿಜವೇ ಎನ್ನುವುದು ನನ್ನ ಪ್ರಶ್ನೆ.’
— ಹೈಸ್ಕೂಲ್ ವಿಜ್ಞಾನ ಶಿಕ್ಷಕಿ, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ. ಆ ಹುಡುಗಿಗೆ ನಮ್ಮ ಕಡೆಯಿಂದ ಶಹಭಾಸ್ ಹೇಳಿ. ಲೇಖನದ ಮಾತೂ ನಿಜ, ಅವಳು ಕಂಡ ಮೊಟ್ಟೆಯೂ ನಿಜ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳು ಸಾಲಾಗಿ ಕೂಡಿ ಆದ, ಮಡಚಿಕೊಂಡ ಸರಪಣಿ. ವ್ಯತ್ಯಾಸ ಇರುವುದು ಜಾಗದಲ್ಲಿ. ಬಿಚ್ಚಿಕೊಂಡ ಒಂದು ಸರಪಣಿಯ ಅಕ್ಕಪಕ್ಕ ಅಂಥದ್ದೇ ಸರಪಣಿಗಳು ಎಷ್ಟು ಒತ್ತಾಗಿವೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಬಿಚ್ಚಿದ ಪ್ರೋಟೀನ್ ತಾನಾಗಿ ಮಡಚಿಕೊಳ್ಳುತ್ತದೆ ಎಂದು ತೋರಿಸಿದ ಪ್ರಯೋಗಕ್ಕೆ ಲೇಖನದಲ್ಲಿ ಎರಡೇ ಸಾಲು ಸಿಕ್ಕಿತ್ತು. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1960ರ ಆಸುಪಾಸಿನಲ್ಲಿ ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸೆನ್ ಮತ್ತು ಸಂಗಡಿಗರು ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ಹಿಡಿದು ಕೂತಿದ್ದರು. ಹಸುವಿನ ಮೇದೋಜೀರಕ ಗ್ರಂಥಿಯಲ್ಲಿ ಸಿಗುವ ಈ ಪ್ರೋಟೀನಿನ ಕೆಲಸ ಆರ್‌ಎನ್‌ಎಯನ್ನು ಕತ್ತರಿಸುವುದು. ಅದರ ಸರಪಣಿಯಲ್ಲಿ 124 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಎಂಟು, ಗಂಧಕ ಇರುವ ಸಿಸ್ಟೀನ್‌ಗಳು. ಎರಡೆರಡು ಸಿಸ್ಟೀನ್ ಕೂಡಿ ಒಟ್ಟು ನಾಲ್ಕು ಗಂಧಕದ ಕೊಂಡಿಗಳಾಗುತ್ತವೆ. ಆನ್ಫಿನ್ಸೆನ್ ಅದಕ್ಕೆ ಯೂರಿಯಾ ಸೇರಿಸಿ ಮಡಿಕೆ ಬಿಚ್ಚಿದರು, ಇನ್ನೊಂದು ರಾಸಾಯನಿಕದಿಂದ ಕೊಂಡಿಗಳನ್ನೂ ಕತ್ತರಿಸಿದರು. ಪ್ರೋಟೀನ್ ಕೆಲಸ ನಿಲ್ಲಿಸಿತು. ಆಮೇಲೆ ಎರಡನ್ನೂ ತೆಗೆದು ಗಾಳಿಗೆ ಬಿಟ್ಟರು. ಕೆಲಸ ಮತ್ತೆ ಶುರುವಾಯಿತು!

ನನಗೆ ಇದಕ್ಕಿಂತ ಇಷ್ಟ ಇದರ ಮುಂದಿನ ಭಾಗ. ಎಂಟು ಸಿಸ್ಟೀನ್‌ಗಳನ್ನು ಎಷ್ಟು ರೀತಿ ಜೋಡಿ ಮಾಡಬಹುದು? ಮೊದಲನೆಯದಕ್ಕೆ ಏಳು ಆಯ್ಕೆ, ಉಳಿದ ಆರರಲ್ಲಿ ಒಂದಕ್ಕೆ ಐದು, ಆಮೇಲೆ ಮೂರು. ಗುಣಿಸಿದರೆ 105. ಮಕ್ಕಳಿಂದಲೇ ಲೆಕ್ಕ ಮಾಡಿಸಿ, ಖುಷಿ ಪಡುತ್ತಾರೆ. ಈ ಸಲ ಆನ್ಫಿನ್ಸೆನ್ ಯೂರಿಯಾ ಇನ್ನೂ ಇರುವಾಗಲೇ ಕೊಂಡಿಗಳು ಕೂಡಲು ಬಿಟ್ಟರು. ಮಡಚಲಾಗದ ಸರಪಣಿಯಲ್ಲಿ ಕೊಂಡಿಗಳು ಸಿಕ್ಕ ಸಿಕ್ಕ ಹಾಗೆ ಕೂಡಿದವು. ಪ್ರೋಟೀನಿನ ಕೆಲಸ ನೂರಕ್ಕೆ ಒಂದರಷ್ಟು ಮಾತ್ರ ಉಳಿಯಿತು. ಆಮೇಲೆ ಯೂರಿಯಾ ತೆಗೆದು, ಕೊಂಡಿಗಳು ಬಿಚ್ಚಿ ಮತ್ತೆ ಕೂಡುವುದಕ್ಕೆ ಬೇಕಾದಷ್ಟು ಆ ಇನ್ನೊಂದು ರಾಸಾಯನಿಕವನ್ನು ಸ್ವಲ್ಪವೇ ಹಾಕಿದರು. ತಪ್ಪು ಜೋಡಿಗಳು ನಿಧಾನವಾಗಿ ಸರಿಯಾದವು. ಹೊರಗಿನಿಂದ ಯಾರೂ ದಾರಿ ತೋರಿಸಲಿಲ್ಲ. ಯಾವ ಅಮೈನೋ ಆಮ್ಲದ ಪಕ್ಕ ಯಾವುದು ಎನ್ನುವ ಸಾಲಿನಲ್ಲೇ ಕೊನೆಯ ಆಕಾರ ಅಡಗಿದೆ ಎನ್ನುವುದಕ್ಕೆ ಇದಕ್ಕಿಂತ ಚೆಂದದ ಪುರಾವೆ ನಾನು ಕಂಡಿಲ್ಲ. ಆನ್ಫಿನ್ಸೆನ್‌ಗೆ 1972ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈಗ ಆ ಆಕಾರ ಯಾವ ಬಲದ ಮೇಲೆ ನಿಲ್ಲುತ್ತದೆ ನೋಡೋಣ. ಸಾರಿನ ಮೇಲಿನ ಎಣ್ಣೆ ಹನಿಗಳು ಒಂದಕ್ಕೊಂದು ಸೇರಿಕೊಳ್ಳುತ್ತವಲ್ಲ, ಪ್ರೋಟೀನಿನಲ್ಲೂ ಅದೇ ನಡೆಯುತ್ತದೆ. ಕೆಲವು ಅಮೈನೋ ಆಮ್ಲಗಳಿಗೆ ನೀರು ಒಗ್ಗುವುದಿಲ್ಲ. ಅವು ಒಟ್ಟಾಗಿ ಒಳಗೆ ಸೇರುತ್ತವೆ, ನೀರಿಗೆ ಹೊಂದುವಂಥವು ಹೊರಗೆ ಉಳಿಯುತ್ತವೆ. ಒಳಗಡೆ ಹೈಡ್ರೋಜನ್ ಬಂಧಗಳೆಂಬ ದುರ್ಬಲ ಸೆಳೆತಗಳು ಆಸರೆ ಕೊಡುತ್ತವೆ. ಇಷ್ಟೆಲ್ಲ ಇದ್ದರೂ, ಮಡಚಿದ ಸ್ಥಿತಿ ಬಿಚ್ಚಿದ ಸ್ಥಿತಿಗಿಂತ ಗಟ್ಟಿಯಾಗಿರುವುದು ಕೂದಲೆಳೆಯಷ್ಟು ಮಾತ್ರ. ಎಲ್ಲ ಕೂಡಿ ಕಳೆದರೆ ಕೆಲವೇ ಹೈಡ್ರೋಜನ್ ಬಂಧಗಳಷ್ಟು ಶಕ್ತಿ ಮಿಗುತ್ತದೆ. ಹಾಗಾಗಿ ಬಿಸಿ ಮಾಡಿದಾಗ ಸರಪಣಿ ತುಂಡಾಗುವುದಿಲ್ಲ, ಮಡಿಕೆ ಮಾತ್ರ ಬಿಚ್ಚುತ್ತದೆ.

ಮೊಟ್ಟೆಯ ಬಿಳಿಭಾಗದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಪ್ರೋಟೀನ್, ಉಳಿದದ್ದು ಹೆಚ್ಚುಕಡಿಮೆ ನೀರು. ಅಣುಗಳ ಮಟ್ಟದಲ್ಲಿ ಇದು ಭಾರೀ ಇಕ್ಕಟ್ಟು. ಬಿಸಿ ಏರಿದಾಗ ಒಳಗಿದ್ದ, ನೀರು ಒಗ್ಗದ ಭಾಗಗಳು ಹೊರಗೆ ಬರುತ್ತವೆ. ತನ್ನದೇ ಸರಪಣಿಯ ಜೋಡಿ ಸಿಗುವ ಮೊದಲೇ ಪಕ್ಕದ ಸರಪಣಿ ಸಿಗುತ್ತದೆ. ಅಂಟಿಕೊಳ್ಳುತ್ತವೆ. ಬಿಳಿಭಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವ ಓವಾಲ್ಬ್ಯುಮಿನ್‌ನಲ್ಲಿ ಜೋಡಿಯಿಲ್ಲದ ಸಿಸ್ಟೀನ್‌ಗಳಿವೆ, ಅವು ಬೇರೆ ಅಣುಗಳ ಜೊತೆ ಗಂಧಕದ ಕೊಂಡಿ ಹಾಕಿಕೊಳ್ಳುತ್ತವೆ. ಕೊನೆಗೆ ಎಲ್ಲ ಸೇರಿ ಒಂದೇ ಬಲೆ. ಆರಿಸಿದರೆ ಬಿಸಿ ಹೋಗುತ್ತದೆ, ಬಲೆ ಹೋಗುವುದಿಲ್ಲ. ಆನ್ಫಿನ್ಸೆನ್ ತೆಗೆದುಕೊಂಡದ್ದು ತುಂಬಾ ತೆಳುವಾದ ದ್ರಾವಣ. ಪ್ರತಿ ಸರಪಣಿಗೂ ಜಾಗ ಇತ್ತು.

ಆ ಬಲೆಯನ್ನು ಬಿಡಿಸಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಗ್ರೆಗರಿ ವೈಸ್ ಮತ್ತು ಆಸ್ಟ್ರೇಲಿಯಾದ ಕಾಲಿನ್ ರಾಸ್ಟನ್ ಅವರ ತಂಡ ಬಿಳಿಭಾಗವನ್ನು 90 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ, ಯೂರಿಯಾದಲ್ಲಿ ಕರಗಿಸಿ, ಜೋರಾಗಿ ತಿರುಗುವ ಕೊಳವೆಯಲ್ಲಿ ತೆಳುವಾಗಿ ಹರಡಿ ಎಳೆಯಿತು. ಬಿಳಿಭಾಗದಲ್ಲಿರುವ ಲೈಸೋಜೈಮ್ ಎಂಬ ಪ್ರೋಟೀನ್ ಕೆಲವೇ ನಿಮಿಷಗಳಲ್ಲಿ ಮತ್ತೆ ಮಡಚಿಕೊಂಡು ಕೆಲಸಕ್ಕೆ ಬಂತು. ಇದು 2015ರಲ್ಲಿ ಪ್ರಕಟವಾಯಿತು. ಇಡೀ ಮೊಟ್ಟೆ ಹಸಿಯಾಗಲಿಲ್ಲ ಅನ್ನಿ, ಆದರೆ ಆ ಹುಡುಗಿಗೆ ಹೇಳಲೇಬೇಕಾದ ಸುದ್ದಿ.

ಹಾಗಾದರೆ ಜೀವಕೋಶದ ಒಳಗಿನ ಇಕ್ಕಟ್ಟಿನಲ್ಲಿ ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ, ಅಲ್ವಾ? ಅಲ್ಲಿ ಸಹಾಯಕ ಪ್ರೋಟೀನುಗಳಿವೆ. ಕೆಲವು ಪೀಪಾಯಿಯ ಹಾಗೆ ಟೊಳ್ಳಾಗಿದ್ದು, ಒಂದೊಂದೇ ಸರಪಣಿಯನ್ನು ಒಳಗೆ ಕೂರಿಸಿ ಬಾಯಿ ಮುಚ್ಚುತ್ತವೆ. ಯಾವ ಆಕಾರ ತಾಳಬೇಕು ಎಂದು ಕಲಿಸುವುದಿಲ್ಲ, ಬೇರೆಯವು ಬಂದು ಅಂಟದಂತೆ ನೋಡಿಕೊಳ್ಳುತ್ತವೆ.

ಇನ್ನೊಂದು ವಿಷಯ ಬಿಟ್ಟರೆ ನನಗೆ ಸಮಾಧಾನ ಇರುವುದಿಲ್ಲ. ನೂರು ಅಮೈನೋ ಆಮ್ಲಗಳ ಸರಪಣಿ ಎಲ್ಲ ಭಂಗಿಗಳನ್ನೂ ಒಂದೊಂದಾಗಿ ಹುಡುಕುತ್ತಾ ಹೋದರೆ ವಿಶ್ವದ ವಯಸ್ಸೂ ಸಾಲದು ಎಂದು ಅಮೆರಿಕದ ವಿಜ್ಞಾನಿ ಸೈರಸ್ ಲೆವಿಂಥಾಲ್ ತೋರಿಸಿದರು. ಸಣ್ಣ ಪ್ರೋಟೀನುಗಳು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲೇ ಮಡಚಿಕೊಳ್ಳುತ್ತವೆ, ಅಂದರೆ ಅವು ಹಾಗೆ ಹುಡುಕುತ್ತಿಲ್ಲ. ಸರಪಣಿ ಎಲ್ಲ ಕಡೆಗೂ ಬಾಗಲಾರದು ಎನ್ನುವುದನ್ನು ಅದಕ್ಕೂ ಮೊದಲೇ, 1963ರಲ್ಲಿ, ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ತೋರಿಸಿದ್ದರು. ಪ್ರತಿ ಅಮೈನೋ ಆಮ್ಲದ ಬಳಿ ಸರಪಣಿ ತಿರುಗುವ ಎರಡು ಕೋನಗಳನ್ನು ಬದಲಿಸುತ್ತಾ ಹೋದರೆ ಬಹುಪಾಲು ಕಡೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯಾಗದ ಜಾಗಗಳನ್ನು ಗುರುತಿಸಿದ ನಕ್ಷೆಯೇ ರಾಮಚಂದ್ರನ್ ನಕ್ಷೆ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗ ಕಟ್ಟಿದರು. ಹೊಸ ಪ್ರೋಟೀನಿನ ರಚನೆ ಸಿಕ್ಕರೆ ಅದನ್ನು ಇವತ್ತಿಗೂ ಆ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

ಇನ್ನು ಹಾಲು. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸಿನ್. ಅದಕ್ಕೆ ಬಿಗಿಯಾದ ಮಡಿಕೆಯೇ ಇಲ್ಲ. ಬಿಚ್ಚುವುದಕ್ಕೆ ಏನೂ ಇಲ್ಲದ ಮೇಲೆ ಕುದಿಸಿದರೆ ಏನಾಗುತ್ತೆ? ಗಿಣ್ಣದ ಹಾಲು ಬೇರೆ. ಅದರಲ್ಲಿ ಪ್ರೋಟೀನೇ ನಾಲ್ಕು ಪಟ್ಟು ಜಾಸ್ತಿ ಇರಬಹುದು. ಅದರಲ್ಲಿ ದೊಡ್ಡ ಪಾಲು ರೋಗ ತಡೆಯುವ ಪ್ರತಿಕಾಯಗಳು, ಚೆನ್ನಾಗಿ ಮಡಚಿಕೊಂಡ ಪ್ರೋಟೀನುಗಳು. ಹಬೆಯಲ್ಲಿಟ್ಟಾಗ ಅವು ಬಿಚ್ಚಿ, ಮೊಟ್ಟೆಯಲ್ಲಿ ಆದಂತೆ, ಬಲೆ ಕಟ್ಟುತ್ತವೆ. ಕರು ಹುಟ್ಟುವಾಗ ಅದರ ಮೈಯಲ್ಲಿ ಪ್ರತಿಕಾಯಗಳು ಇರುವುದಿಲ್ಲವೆಂದೇ ಹೇಳಬೇಕು. ಮೊದಲ ದಿನದೊಳಗೆ ಹಸಿ ಗಿಣ್ಣದ ಹಾಲು ಹೊಟ್ಟೆಗೆ ಬಿದ್ದರೆ ಅವು ಆಕಾರ ಕೆಡದೆ ರಕ್ತಕ್ಕೆ ಸೇರುತ್ತವೆ. ಮನೆಯಲ್ಲಿ ಹಸು ಇರುವ ಮಕ್ಕಳಿಗೆ ಇದನ್ನು ಮರೆಯದೆ ಹೇಳಿ. ಗಿಣ್ಣು ಮಾಡುವ ಮೊದಲು ಕರು ಹೊಟ್ಟೆ ತುಂಬಾ ಕುಡಿಯಬೇಕು.

ಕಡೆಯದಾಗಿ ನಿಮ್ಮ ಪ್ರಶ್ನೆ. ಬೇಯಿಸಿದರೆ ಪ್ರೋಟೀನಿನ ಆಕಾರ ಹೋಗುತ್ತದೆ, ಆಹಾರದ ಬೆಲೆ ಹೋಗುವುದಿಲ್ಲ. ಹೊಟ್ಟೆಗೆ ಬೇಕಾದದ್ದು ಅಮೈನೋ ಆಮ್ಲಗಳು, ಅವು ಅಲ್ಲೇ ಇರುತ್ತವೆ. ಮಡಿಕೆ ಬಿಚ್ಚಿದ ಸರಪಣಿಯನ್ನು ಜೀರ್ಣರಸಗಳು ಸುಲಭವಾಗಿ ಕತ್ತರಿಸುತ್ತವೆ. ಅಳೆದು ನೋಡಿದಾಗ ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ನೂರಕ್ಕೆ 90ರಷ್ಟು ಜೀರ್ಣವಾಗಿತ್ತು, ಹಸಿ ಮೊಟ್ಟೆಯದು 50ರ ಆಸುಪಾಸು. ಬಿಸಿಯೂಟದಲ್ಲಿ ಕೊಡುವ ಬೆಂದ ಮೊಟ್ಟೆಯನ್ನು ನಿಮ್ಮ ಮಕ್ಕಳು ಧಾರಾಳವಾಗಿ ತಿನ್ನಲಿ.