4,29,49,67,297 ಅವಿಭಾಜ್ಯ ಸಂಖ್ಯೆಯೇ?

ನಮಸ್ಕಾರ. 100ರ ಒಳಗಿನ ಯಾವ ಸಂಖ್ಯೆಯಿಂದಲೂ 4,29,49,67,297 ಭಾಗವಾಗಲಿಲ್ಲ, ಹಾಗಾದರೆ ಇದು ಅವಿಭಾಜ್ಯವೇ ಎಂದು ಕೇಳಿದ್ದೀರಿ. ಅಲ್ಲ. ಆದರೆ ನಿಮ್ಮ ಅನುಮಾನ ಸಹಜವೇ. ಫರ್ಮಾನಂಥ ದೊಡ್ಡ ಗಣಿತಜ್ಞನೇ ಇದನ್ನು ಅವಿಭಾಜ್ಯ ಎಂದು ನಂಬಿದ್ದ!

ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ. 32ರ ಬದಲು 1, 2, 4, 8, 16ನೇ ಘಾತ ಹಾಕಿದರೆ ಸಿಗುವ, ಇದೇ ಸಾಲಿನ 3, 5, 17, 257, 65,537 ಎಲ್ಲವೂ ಅವಿಭಾಜ್ಯ. ಹಾಗಾಗಿ ಮುಂದಿನದೂ ಅಷ್ಟೇ ಎಂದುಕೊಂಡ ಫರ್ಮಾ. 1732ರಲ್ಲಿ ಗಣಿತಜ್ಞ ಆಯ್ಲರ್ ಇದು 641ರಿಂದ ಭಾಗವಾಗುತ್ತದೆ ಎಂದು ತೋರಿಸಿದ.

ಕಾಗದ ತಗೊಂಡು ನೀವೇ ಭಾಗಿಸಿ ನೋಡಿ. 4294ರಲ್ಲಿ 641 ಆರು ಸಲ, ಉಳಿದದ್ದು 448. 9 ಇಳಿಸಿದರೆ 4489, ಏಳು ಸಲ, ಉಳಿದದ್ದು ಬರೀ 2. ಆಮೇಲೆ ಉತ್ತರದಲ್ಲಿ ಎರಡು ಸೊನ್ನೆ ಬರುತ್ತವೆ, ಅಲ್ಲಿ ಹುಷಾರು. ಕೊನೆಗೆ ಮತ್ತೆ ಅದೇ 448 ಬರುತ್ತದೆ, 7 ಇಳಿಸಿದರೆ 4487, ಸರಿಯಾಗಿ ಏಳು ಸಲ. ಶೇಷ ಸೊನ್ನೆ. ಉತ್ತರ 67,00,417, ಅದು ಅವಿಭಾಜ್ಯವೇ.

641 ಸುಮ್ನೆ ಸಿಕ್ಕಿದ್ದಲ್ಲ. ಈ ಸಂಖ್ಯೆಯ ಅವಿಭಾಜ್ಯ ಅಪವರ್ತನ ಯಾವುದಿದ್ದರೂ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿಟ್ಟಿತು! ನೀವು 100ಕ್ಕೆ ನಿಲ್ಲಿಸಿದಿರಿ, ಆದರೆ ಅಷ್ಟರೊಳಗೆ ಸಿಗುವ ಸಾಧ್ಯತೆಯೇ ಇರಲಿಲ್ಲ.

ಭಾಗಿಸದೆಯೂ ತಿಳಿಯಬಹುದು, ನನಗೆ ಇದೇ ಜಾಸ್ತಿ ಇಷ್ಟ. 641 ಅಂದರೆ 5×128+1, ಜೊತೆಗೆ 625+16 ಕೂಡ (625 ಎಂದರೆ 5ರ ನಾಲ್ಕನೇ ಘಾತ, 16 ಎಂದರೆ 2ರ ನಾಲ್ಕನೇ ಘಾತ). ಈ ಎರಡು ರೂಪಗಳನ್ನು ಇಟ್ಟುಕೊಂಡು, 5×128ರ ನಾಲ್ಕನೇ ಘಾತವನ್ನು 641ರಿಂದ ಭಾಗಿಸಿದರೆ ಏನು ಉಳಿಯುತ್ತದೆ ನೋಡಿ. 1 ಉಳಿಯುತ್ತದೆ. ಆ ಘಾತ ಎಂದರೆ 625 × 2ರ 28ನೇ ಘಾತ; ಅದರಲ್ಲಿ 625ರ ಬದಲು −16 ಇಟ್ಟರೆ ಸಾಕು, 2ರ 32ನೇ ಘಾತಕ್ಕೆ 1 ಕೂಡಿಸಿದ್ದು 641ರಿಂದ ಭಾಗವಾಗುತ್ತದೆ ಎಂದು ಒಂದೇ ಹೆಜ್ಜೆಯಲ್ಲಿ ತಿಳಿಯುತ್ತದೆ.