ನಾಲ್ಕನೇ ಪಾಲಿನ ಮಾತು

(ನಾಲ್ವರ ಆಲ್ಟರ್ನೇಟಿವ್ ರಾಕ್ ಬ್ಯಾಂಡೊಂದರಲ್ಲಿ ಬೇಸ್ ಗಿಟಾರ್ ನುಡಿಸುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಬ್ಯಾಂಡಿಗೆ ಮೂರು ವರ್ಷ. ಒಂದು ಹಾಡು ಚೆನ್ನಾಗಿ ಓಡಿದೆ. ರೆಕಾರ್ಡ್ ಕಂಪನಿಯೊಂದು ಅಡ್ವಾನ್ಸ್ ಕೊಡುತ್ತೇನೆ, ಬೇಗ ಸಹಿ ಹಾಕಿ ಎನ್ನುತ್ತಿದೆ. ಹಾಕಬೇಕೇ, ಕೆಲಸ ಬಿಡಬೇಕೇ ಎಂಬುದು ಅವರ ಪ್ರಶ್ನೆ. ಕೊನೆಯಲ್ಲಿ ಒಂದು ಸಾಲು: ‘ಹಾಡುಗಳೆಲ್ಲ ಗಾಯಕನ ಹೆಸರಿನಲ್ಲೇ ಇವೆ. ಬರೆಯೋದು ಅವನೇ ಅಲ್ವಾ, ನಾವು ಆ ಮಾತು ಎತ್ತಿಲ್ಲ.’)

ಪ್ರಿಯ ಓದುಗರೇ,

ನಿಮ್ಮ ಪತ್ರ ಮೂರು ಪುಟ ಇದೆ. ಹೆಚ್ಚುಕಡಿಮೆ ಎಲ್ಲವೂ ಅಡ್ವಾನ್ಸಿನ ಬಗ್ಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಕೊನೆಯ ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ.

ಅಡ್ವಾನ್ಸ್ ಅಂದರೆ ಬಹುಮಾನ ಅಲ್ಲ. ನಿಮಗೆ ಮುಂದೆ ಬರುವ ರಾಯಲ್ಟಿಯಲ್ಲಿ, ಅಂದರೆ ಗಳಿಕೆಯಲ್ಲಿ ನಿಮಗೆ ಸೇರುವ ಪಾಲಿನಲ್ಲಿ, ಮುರಿದುಕೊಳ್ಳುವ ಹಣ. ಸುಮ್ನೆ ಲೆಕ್ಕಕ್ಕೆ, ಕಂಪನಿ 100 ಕೊಟ್ಟಿತು, ನಿಮ್ಮ ರಾಯಲ್ಟಿ ಶೇ. 15 ಅಂತ ಇಟ್ಟುಕೊಳ್ಳಿ. ಆಲ್ಬಂ 100 ಗಳಿಸಿದರೆ ಬಾಕಿ ಚುಕ್ತಾ ಅಂತ ಹುಡುಗರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಬಾಕಿ ತೀರುವುದು ನಿಮ್ಮ ಆ 15ರ ಪಾಲಿನಿಂದ ಮಾತ್ರ. ಅಂದರೆ ಆಲ್ಬಂ ಸುಮಾರು 667 ಗಳಿಸಬೇಕು. ಅಲ್ಲಿಯವರೆಗೆ ನಿಮಗೆ ಹೊಸದಾಗಿ ಬಿಡಿಗಾಸೂ ಬರುವುದಿಲ್ಲ. ಸ್ಟುಡಿಯೋ ಖರ್ಚು ಕೂಡ ಸಾಮಾನ್ಯವಾಗಿ ನಿಮ್ಮ ತಲೆಗೇ. ಆಲ್ಬಂ ಓಡದಿದ್ದರೆ ಅಡ್ವಾನ್ಸ್ ವಾಪಸ್ ಕೇಳುವುದು ಕಡಿಮೆ ಅನ್ನೋದೊಂದೇ ಸಮಾಧಾನ.

ಸ್ಟೀವ್ ಆಲ್ಬಿನಿ ಎಂಬ ರೆಕಾರ್ಡಿಂಗ್ ಎಂಜಿನಿಯರ್ 1993ರಲ್ಲಿ ಈ ಲೆಕ್ಕವನ್ನು ಪೂರ್ತಿ ಹಾಕಿ ತೋರಿಸಿದರು. ಒಂದು ಕಾಲ್ಪನಿಕ ಬ್ಯಾಂಡು, ಎರಡೂವರೆ ಲಕ್ಷ ಡಾಲರ್ ಅಡ್ವಾನ್ಸು, ಮಾರಾಟವೂ ಚೆನ್ನಾಗಿದೆ. ಕೊನೆಗೆ ಕಂಪನಿಗೆ ಸಿಕ್ಕಿದ್ದು 7,10,000 ಡಾಲರ್, ಒಬ್ಬೊಬ್ಬ ಸದಸ್ಯನ ಕೈಗೆ ಬಂದದ್ದು 4,031. ಇದೇ ಮನುಷ್ಯ ನಿರ್ವಾಣ ಬ್ಯಾಂಡಿನ ಆಲ್ಬಂ ರೆಕಾರ್ಡ್ ಮಾಡಲು ರಾಯಲ್ಟಿ ಬೇಡ, ನಲ್ಲಿ ರಿಪೇರಿ ಮಾಡುವವನಿಗೆ ಕೊಟ್ಟ ಹಾಗೆ ಕೂಲಿ ಕೊಡಿ ಸಾಕು ಅಂದಿದ್ದರು. ಅಂಥವರು ಈಗ ಜಾಸ್ತಿ ಸಿಗುವುದಿಲ್ಲ, ಬಿಡಿ.

ಕೆಲಸ ಬಿಡಬೇಡಿ, ಸದ್ಯಕ್ಕೆ. ಕಂಪನಿಯ ಆತುರ ಕಂಪನಿಯದು. ಅಮೆರಿಕದ ಆರ್.ಇ.ಎಂ. ಎಂಬ ರಾಕ್ ಬ್ಯಾಂಡ್ 1983ರಿಂದ 1987ರವರೆಗೆ ಚಿಕ್ಕ ಕಂಪನಿಯೊಂದರಲ್ಲೇ ಐದು ಆಲ್ಬಂ ಮಾಡಿ, 1988ರಲ್ಲಷ್ಟೇ ದೊಡ್ಡ ಕಂಪನಿಗೆ ಹೋಯಿತು. ಅವರಿಗೇನೂ ನಷ್ಟವಾಗಲಿಲ್ಲ.

ಈಗ ಆ ಸಾಲಿಗೆ ಬರೋಣ.

ಒಂದು ಹಾಡಿನಲ್ಲಿ ದುಡ್ಡಿನ ಗಡಿಗೆ ಎರಡು. ಹಾಡನ್ನು ಬರೆದದ್ದಕ್ಕೆ ಬರುವುದು ಒಂದು. ನುಡಿಸಿ ರೆಕಾರ್ಡ್ ಮಾಡಿದ್ದಕ್ಕೆ ಬರುವುದು ಇನ್ನೊಂದು. ಬರೆದವರು ಅಂತ ಯಾರ ಹೆಸರಿದೆಯೋ ಮೊದಲನೆಯದು ಅವರಿಗೆ ಮಾತ್ರ. ಬೇರೆ ಯಾರೋ ಆ ಹಾಡು ಹಾಡಿದರೂ ಅದು ತುಂಬುತ್ತಲೇ ಇರುತ್ತದೆ. ಎರಡನೆಯದು ಹೇಗೆ ಹಂಚಿಕೆ ಅಂತ ನೀವು ನಾಲ್ವರೇ ತೀರ್ಮಾನ ಮಾಡಬೇಕು. ನಿಮ್ಮ ಪತ್ರ ನೋಡಿದರೆ ನೀವು ಎರಡರ ಮಾತನ್ನೂ ಎತ್ತಿಲ್ಲ.

ದಿ ಸ್ಮಿತ್ಸ್ ಕೂಡ ಎತ್ತಿರಲಿಲ್ಲ. 1982ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಶುರುವಾಗಿ 1987ರಲ್ಲಿ ಮುಗಿದುಹೋದ ಬ್ಯಾಂಡ್. ನಿಮ್ಮ ಹಾಗೆಯೇ ನಾಲ್ವರು. ಹಾಡು ಕಟ್ಟುತ್ತಿದ್ದವರು ಗಾಯಕ ಮಾರಿಸ್ಸಿ ಮತ್ತು ಗಿಟಾರ್ ನುಡಿಸುತ್ತಿದ್ದ ಜಾನಿ ಮಾರ್, ಹಾಗಾಗಿ ಮೊದಲ ಗಡಿಗೆ ಅವರದು. ಜಗಳ ಬಂದದ್ದು ಎರಡನೆಯದಕ್ಕೆ. ಅದರಲ್ಲೂ ಅವರಿಬ್ಬರಿಗೆ ಶೇ. 40, 40. ಬೇಸ್ ನುಡಿಸುತ್ತಿದ್ದ ಆಂಡಿ ರೋರ್ಕ್ ಮತ್ತು ಡ್ರಮ್ಮರ್ ಮೈಕ್ ಜಾಯ್ಸ್‌ಗೆ 10, 10. ಕಾಗದದ ಮೇಲೆ ಏನೂ ಇರಲಿಲ್ಲ. ಬ್ಯಾಂಡ್ ಒಡೆದ ಮೇಲೆ ರೋರ್ಕ್ ಕೈ ಬರಿದಾಗಿತ್ತು. 1989ರಲ್ಲಿ 83,000 ಪೌಂಡ್ ಮತ್ತು ಅದೇ ಶೇ. 10ಕ್ಕೆ ಒಪ್ಪಿ ಸುಮ್ಮನಾದರು. ಜಾಯ್ಸ್ ಪಟ್ಟು ಹಿಡಿದು ಕೋರ್ಟಿಗೆ ಹೋದರು. 1996ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆಲ್ಲ ಸಮಪಾಲು ಅನ್ನೋದು ಬ್ರಿಟನ್ನಿನ 1890ರ ಕಾಯ್ದೆ. ಜಾಯ್ಸ್‌ಗೆ ಶೇ. 25 ಸಿಕ್ಕಿತು. ಬೇಸ್ ನುಡಿಸಿದವರು ಸಹಿ ಹಾಕಿ ಆಗಿತ್ತು.

ನೀವು ಕಳಿಸಿದ ಹಾಡನ್ನು ನಾಲ್ಕೈದು ಸಲ ಕೇಳಿದೆ. ಎರಡನೇ ಚರಣ ಮುಗಿದ ಕೂಡಲೇ ಗಿಟಾರ್ ನಿಲ್ಲುತ್ತದೆ, ಡ್ರಮ್ಸ್ ನಿಲ್ಲುತ್ತದೆ, ಗಾಯಕ ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು, ಪೂರ್ತಿ ಬೇಸ್ ಒಂದೇ. ಕೊನೆಯಲ್ಲಿ ಒಂದು ಸ್ವರ ಬೇಕಂತಲೇ ತಡವಾಗಿ ಬೀಳುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ ಬಂದು ಅಪ್ಪಳಿಸುತ್ತಾರೆ. ಜನ ಆ ಹಾಡನ್ನು ಗುನುಗುವುದು ಆ ನಾಲ್ಕು ಬಾರಿನಿಂದಲೇ ಇರಬೇಕು. ಅದನ್ನು ಬರೆದದ್ದು ಯಾರು? ಗಾಯಕ ಹೇಳಿಕೊಟ್ಟದ್ದಾದರೆ ನನ್ನ ಮಾತು ಬಿಡಿ. ನಿಮ್ಮದೇ ಆದರೆ ‘ಬರೆಯೋದು ಅವನೇ’ ಅಂತ ಹೇಗೆ ಹೇಳುತ್ತೀರಿ?

ಆರ್.ಇ.ಎಂ. ತಮ್ಮ ಹಾಡುಗಳಿಗೆ ನಾಲ್ವರ ಹೆಸರನ್ನೂ ಹಾಕುತ್ತಿತ್ತು, ಯಾರು ಎಷ್ಟು ಬರೆದರೂ ಸರಿ. ಹಾಗೇ ಮಾಡಿ ಅಂತ ನಾನು ಹೇಳುವುದಿಲ್ಲ. ರಾತ್ರಿಯೆಲ್ಲ ಕೂತು ಸಾಹಿತ್ಯ ತಿದ್ದುವವನಿಗೆ ಜಾಸ್ತಿ ಹೋಗಲಿ, ತಪ್ಪಿಲ್ಲ. ಆದರೆ ದುಡ್ಡು ಬರುವ ಮೊದಲೇ ಮಾತಾಡಿ. ನಿರ್ವಾಣದಲ್ಲಿ ಮೊದಲು ಸಮಪಾಲಿತ್ತು. ಆಲ್ಬಂ ಗೆದ್ದ ಮೇಲೆ ಅದರ ಗಾಯಕ ಕರ್ಟ್ ಕೊಬೇನ್ ತನಗೆ ಹೆಚ್ಚು ಬೇಕು, ಅದೂ ಹಿಂದಿನಿಂದಲೇ ಲೆಕ್ಕ ಹಾಕಿ ಅಂದರು. ಬರೆದದ್ದು ಬಹುಪಾಲು ಅವರೇ, ನಿಜ. ಆದರೂ ಬ್ಯಾಂಡ್ ಒಡೆಯುವ ಹಂತಕ್ಕೆ ಹೋಗಿತ್ತು.

(ನಾನೂ ಒಂದು ಕಾಲದಲ್ಲಿ ಬ್ಯಾಂಡಿನಲ್ಲಿದ್ದೆ. ನಮ್ಮದು ಒಡೆದದ್ದು ದುಡ್ಡಿಗಲ್ಲ, ಆಂಪ್ಲಿಫೈಯರ್ ಹೊರೋರು ಯಾರು ಅನ್ನೋದಕ್ಕೆ. ದುಡ್ಡು ಬಂದಿರಲೇ ಇಲ್ಲ.)

ಮುಂದಿನ ಪ್ರಾಕ್ಟೀಸಿಗೆ ಅರ್ಧ ಗಂಟೆ ಮೊದಲೇ ಎಲ್ಲರನ್ನೂ ಕರೆಯಿರಿ. ವಾದ್ಯಕ್ಕೆ ಪ್ಲಗ್ ಹಾಕುವ ಮೊದಲು ಒಂದು ಹಾಳೆ ಇಟ್ಟುಕೊಂಡು ಕೂತುಕೊಳ್ಳಿ. ಯಾವ ಹಾಡಿಗೆ ಯಾರ ಹೆಸರು, ಎಷ್ಟು ಪಾಲು. ಪ್ರದರ್ಶನದ ದುಡ್ಡು ಹೇಗೆ. ಯಾರಾದರೂ ಬಿಟ್ಟುಹೋದರೆ ಅವರಿಗೇನು, ಬ್ಯಾಂಡಿನ ಹೆಸರು ಯಾರಿಗೆ. ಬರೆದು ನಾಲ್ವರೂ ಸಹಿ ಹಾಕಿ. ಆಮೇಲೆ ಕಂಪನಿಯ ಕಾಗದವನ್ನು ಒಬ್ಬ ವಕೀಲರಿಗೆ ತೋರಿಸಿ. ಕಂಪನಿಯೇ ಗೊತ್ತುಮಾಡಿಕೊಟ್ಟ ವಕೀಲರು ಬೇಡ.

ಅಂದ ಹಾಗೆ, ಆ ನಾಲ್ಕು ಬಾರ್ ಬಿಟ್ಟರೆ ಹಾಡಿನ ಉಳಿದ ಕಡೆಯೆಲ್ಲ ಬೇಸ್ ತೀರಾ ಸಣ್ಣಗೆ ಕೇಳುತ್ತಿದೆ. ಯಾವುದು ಎಷ್ಟು ಜೋರಾಗಿ ಕೇಳಬೇಕು ಅಂತ ಮಿಕ್ಸ್ ಮಾಡಿದ್ದೂ ಗಾಯಕರೇ ಇರಬೇಕು.

– ಸಂಪಾದಕ